ಜಲಯಂತ್ರ ನ್ಯಾಯ

ಸಂಸ್ಕೃತ ಶಾಸ್ತ್ರಕಾರರು ಬಳಸಿದ ಲೌಕಿಕ ನ್ಯಾಯಗಳು ಕನ್ನಡ ಅಧ್ಯಾಪಕನಿಗೆ ಬಹಳ ಒದಗಿಬರುವ ಸಾಮಗ್ರಿ. ಹೊಸಿಲ ಮೇಲಿಟ್ಟ ದೀಪ ಒಳಮನೆಗೂ ಅಂಗಳಕ್ಕೂ ಬೆಳಕು ಕೊಟ್ಟಂತೆ ಒಂದೇ ಮಾತು ಎರಡು ಕಡೆ ಅನ್ವಯಿಸಿದರೆ ಅದು ದೇಹಲೀದೀಪ ನ್ಯಾಯ. ಹಾಲೂ ನೀರೂ ಬೆರೆತಂತೆ ಎರಡು ವಸ್ತುಗಳು ಬೇರ್ಪಡಿಸಲಾರದಂತೆ ಸೇರಿದರೆ ಅದು ಕ್ಷೀರನೀರ ನ್ಯಾಯ. ದೊಡ್ಡ ತತ್ತ್ವವನ್ನು ಮನೆಯೊಳಗಿನ ಸಣ್ಣ ವಸ್ತುವಿನಿಂದ ತಿಳಿಯಹೇಳುವ ಈ ಜಾಣ್ಮೆಗೆ ನಾನು ಮೊದಲಿನಿಂದಲೂ ಮಾರುಹೋದವನು. ಆ ಮೋಹದಿಂದಲೇ ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನೂ ಒಂದು ನ್ಯಾಯವನ್ನು ಸೃಷ್ಟಿಸಿ, ಅದಕ್ಕೆ ‘ಜಲಯಂತ್ರ ನ್ಯಾಯ’ವೆಂದು ಹೆಸರಿಟ್ಟೆ.

ಅದಕ್ಕೆ ಆಧಾರ, ನಾನು ಪ್ರೌಢಶಾಲೆಯಲ್ಲಿ ಓದಿ ಅರ್ಧ ಮರೆತಿದ್ದ ಪಾಸ್ಕಲನ ನಿಯಮ. ನೀರು ತುಂಬಿ ಎಲ್ಲ ಕಡೆಯೂ ಮುಚ್ಚಿದ ಒಂದು ಪಾತ್ರೆ. ಅದಕ್ಕೆ ಎರಡು ಬಾಯಿ; ಒಂದು ಚಿಕ್ಕದು, ಇನ್ನೊಂದು ಅದರ ನೂರರಷ್ಟು ದೊಡ್ಡದು. ಎರಡು ಬಾಯಿಗಳಲ್ಲಿಯೂ ಬಿಗಿಯಾಗಿ ಕುಳಿತ ಪಿಸ್ಟನ್ನುಗಳು. ಚಿಕ್ಕದನ್ನು ತಳ್ಳುವ ಒಬ್ಬನು ದೊಡ್ಡದನ್ನು ತಳ್ಳುವ ನೂರು ಜನಕ್ಕೆ ಸಮನಾಗುತ್ತಾನೆ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ, “ಸಜ್ಜನನೊಬ್ಬನ ಮಾತು ಸಮಾಜದಲ್ಲಿ ಹೀಗೆಯೇ, ಹೆಚ್ಚಿನ ಶ್ರಮವೇನೂ ಇಲ್ಲದೆ, ನೂರ್ಮಡಿಯಾಗುತ್ತದೆ” ಎಂದು ವ್ಯಾಖ್ಯಾನಿಸಿದೆ. ಅದು ಬಿ.ಎಸ್‌ಸಿ. ವಿದ್ಯಾರ್ಥಿಗಳ ಕನ್ನಡ ತರಗತಿ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಆ ಒಬ್ಬ ಎಷ್ಟು ದೂರ ತಳ್ಳಬೇಕು?”

ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಮುಂದುವರಿಸಿದಳು: “ದೊಡ್ಡ ಪಿಸ್ಟನ್ ಒಂದು ಅಂಗುಲ ಏಳಬೇಕಾದರೆ ಚಿಕ್ಕದು ನೂರು ಅಂಗುಲ ಇಳಿಯಬೇಕು ಸರ್. ಶ್ರಮ ಏನೂ ಉಳಿಯಲಿಲ್ಲವಲ್ಲ?”

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಗಂಟೆ ಬಾರಿಸಿದ ಮೇಲೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಒಂದು ದೃಷ್ಟಾಂತವನ್ನು ಅರ್ಧ ಮಾತ್ರ ಅರಿತು ಅದರಿಂದ ನೀತಿಯನ್ನು ಹಿಂಡಲು ಹೊರಟಿದ್ದೆ. ಆ ಸಂಜೆ ಭೌತವಿಜ್ಞಾನದ ಸಹೋದ್ಯೋಗಿಯೊಬ್ಬರನ್ನು ಹಿಡಿದು ಕುಳಿತೆ. ಬಳಿಕ ಗ್ರಂಥಾಲಯದಲ್ಲಿಯೂ ಹಲವು ದಿನ ಕುಳಿತೆ. ಅಲ್ಲಿ ತಿಳಿದದ್ದನ್ನೂ, ಆಮೇಲೆ ಒಂದು ಘಟ್ಟದ ದಾರಿ ನನಗೆ ಕಲಿಸಿದ್ದನ್ನೂ ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ನಿಯಮವನ್ನು ನೋಡೋಣ. ಮುಚ್ಚಿದ ಪಾತ್ರೆಯಲ್ಲಿ ನಿಶ್ಚಲವಾಗಿ ನಿಂತ ದ್ರವದ ಯಾವುದಾದರೂ ಒಂದೆಡೆ ಒತ್ತಡವನ್ನು ಹೆಚ್ಚಿಸಿದರೆ, ಆ ಹೆಚ್ಚಳ ಎಳ್ಳಷ್ಟೂ ಕುಗ್ಗದೆ ದ್ರವದ ಎಲ್ಲ ಭಾಗಗಳಿಗೂ ಹರಡಿ, ಪಾತ್ರೆಯ ಪ್ರತಿಯೊಂದು ಗೋಡೆಯನ್ನೂ ಲಂಬವಾಗಿ ಒತ್ತುತ್ತದೆ. ಪಾತ್ರೆ ಆಳವಾಗಿದ್ದರೆ ನೀರಿನ ಸ್ವಂತ ಭಾರದಿಂದ ತಳದಲ್ಲಿ ಒತ್ತಡ ಹೆಚ್ಚಾಗಿಯೇ ಇರುತ್ತದೆ; ಅದು ಬೇರೆಯ ಲೆಕ್ಕ. ಹೊರಗಿನಿಂದ ನಾವು ಸೇರಿಸಿದ ಒತ್ತಡ ಮಾತ್ರ ಮೇಲೂ ಕೆಳಗೂ ಮೂಲೆಯಲ್ಲೂ ಸರಿಸಮ.

ಹೀಗೇಕೆ? ಗೋಡೆಗೆ ಮೊಳೆ ಹೊಡೆಯುವುದನ್ನು ನೆನೆಯಿರಿ. ಸುತ್ತಿಗೆಯ ಪೆಟ್ಟು ಮೊಳೆಯ ನೇರಕ್ಕೇ ಸಾಗಿ ಗೋಡೆಯನ್ನು ತಲಪುತ್ತದೆ. ಮೊಳೆಯನ್ನು ಹಿಡಿದ ಬೆರಳುಗಳಿಗೆ, ಸುತ್ತಿಗೆಯ ಗುರಿ ತಪ್ಪದಿದ್ದರೆ, ಏನೂ ಆಗುವುದಿಲ್ಲ. ಘನವಸ್ತುವಿಗೆ ತನ್ನದೇ ಆಕಾರವುಂಟು. ಆ ಆಕಾರವನ್ನು ಅದು ಹಟದಿಂದ ಕಾಪಾಡಿಕೊಳ್ಳುತ್ತದೆ. ನೀರಿಗೆ ಆ ಹಟವಿಲ್ಲ. ಒಂದು ಕಡೆಯಿಂದ ಒತ್ತು ಹೆಚ್ಚಾದರೆ ಕಡಿಮೆಯಿರುವ ಕಡೆಗೆ ಜಾರಿಹೋಗುವುದೇ ಅದರ ಸ್ವಭಾವ. ಜಾರಲು ಎಡೆಯಿಲ್ಲದಂತೆ ಎಲ್ಲ ಕಡೆಯೂ ಮುಚ್ಚಿದಾಗ, ಎಲ್ಲ ದಿಕ್ಕುಗಳ ಒತ್ತೂ ಸಮನಾಗುವ ತನಕ ಅದಕ್ಕೆ ನೆಮ್ಮದಿಯಿಲ್ಲ. ನೀರು ನಿಶ್ಚಲವಾಗಿ ನಿಂತಿದೆಯೆಂದರೆ ಅಲ್ಲಿ ಸಮತೆ ಏರ್ಪಟ್ಟಿದೆಯೆಂದೇ ಅರ್ಥ.

ಇದನ್ನು ಕಣ್ಣಾರೆ ಕಾಣಲು ಪ್ರಯೋಗಶಾಲೆಯೇ ಬೇಕಾಗಿಲ್ಲ. ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಬಾಯಿ ಕಟ್ಟಿ, ಸೂಜಿಯಿಂದ ಸುತ್ತಲೂ ಚುಚ್ಚಿ, ಮೇಲಿನಿಂದ ಮೆಲ್ಲನೆ ಹಿಂಡಿರಿ. ನೀರು ಕೈ ಒತ್ತಿದ ದಿಕ್ಕಿಗೆ ಮಾತ್ರ ಚಿಮ್ಮುವುದಿಲ್ಲ. ಪಕ್ಕಕ್ಕೂ ಕೆಳಕ್ಕೂ ಓರೆಗೂ, ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಒಮ್ಮೆಗೇ ಚಿಮ್ಮುತ್ತದೆ. ಈ ನೋಟ ಕಂಡೊಡನೆ ನನಗೆ ನೆನಪಾದದ್ದು ಕದಂಬದ ಹೂ. ಚೆಂಡಿನಂತೆ ದುಂಡಾದ ಆ ಹೂವಿನಲ್ಲಿ ಎಸಳುಗಳು ಒಂದರ ಹಿಂದೊಂದು ಬಿರಿಯದೆ ಸುತ್ತಲೂ ಏಕಕಾಲಕ್ಕೆ ತಲೆಯೆತ್ತುತ್ತವೆ ಎಂಬುದು ನಮ್ಮ ಹಿರಿಯರ ಎಣಿಕೆ. ಅದರಿಂದಲೇ ಹುಟ್ಟಿದ್ದು ಕದಂಬಗೋಲಕ ನ್ಯಾಯ. ವಿಶ್ವನಾಥನ ‘ಭಾಷಾಪರಿಚ್ಛೇದ’ದಲ್ಲಿ ಶಬ್ದ ಕಿವಿಯನ್ನು ಮುಟ್ಟುವ ಬಗೆಗೆ ಎರಡು ಮತಗಳು ಬರುತ್ತವೆ: ಅಲೆಯಿಂದ ಅಲೆ ಹುಟ್ಟುವ ವೀಚೀತರಂಗ ನ್ಯಾಯದಂತೆ ಎಂಬುದು ಒಂದು; ಕದಂಬದಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಎಂಬುದು ಇನ್ನೊಂದು.

ಇಷ್ಟನ್ನು ಹಿಡಿದುಕೊಂಡು ಪಾಸ್ಕಲನ ನಿಯಮ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಹೇಳಹೊರಟರೆ ಅದು ನನ್ನ ಹಳೆಯ ತಪ್ಪಿಗಿಂತಲೂ ದೊಡ್ಡ ತಪ್ಪಾದೀತು. ತಾರ್ಕಿಕರು ಹೇಳುತ್ತಿದ್ದುದು ಶಬ್ದದ ಮಾತು. ಮುಚ್ಚಿದ ಪಾತ್ರೆಯ ನೀರಿನ ಮಾತಲ್ಲ. ಆದರೂ ಎರಡಕ್ಕೂ ನಂಟಿಲ್ಲದಿಲ್ಲ. ಶಬ್ದವೆಂದರೆ ಒತ್ತಡದ ಏರಿಳಿತವೇ. ಪಿಸ್ಟನ್ನನ್ನು ಒತ್ತಿದ ಸುದ್ದಿ ನೀರಿನಲ್ಲಿ ಶಬ್ದದ ವೇಗದಿಂದಲೇ, ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರಿನಂತೆ, ಓಡುತ್ತದೆ. ಎರಡು ಮೂರು ಮೊಳದ ಪಾತ್ರೆಯಲ್ಲಿ ಅದು ಎಲ್ಲ ಮೂಲೆಗಳಿಗೂ ಒಮ್ಮೆಗೇ ಮುಟ್ಟಿದಂತೆ ನಮಗೆ ತೋರುವುದು ಸಹಜ. ನೋಟಕ್ಕೆ ಕದಂಬ, ನಿಜದಲ್ಲಿ ತರಂಗ: ಎರಡು ಮತಗಳಿಗೂ ಇಲ್ಲಿ ಎಡೆಯುಂಟು.

ಈ ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟವನು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್. ಹುಟ್ಟಿದ್ದು 1623ರಲ್ಲಿ, ಕ್ಲೆರ್ಮೋನಿನಲ್ಲಿ. ಮೂರು ವರ್ಷದ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ತಂದೆಯ ಕೈಯಲ್ಲಿಯೇ ಬೆಳೆದು, ವಿದ್ಯೆ ಕಲಿತವನು. ಹತ್ತೊಂಬತ್ತರ ವಯಸ್ಸಿನಲ್ಲಿ, ತೆರಿಗೆಯ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಹೊರೆಯನ್ನು ಹಗುರಮಾಡಲೆಂದು, ಕೂಡುವ ಕಳೆಯುವ ಯಂತ್ರವೊಂದನ್ನು ರಚಿಸತೊಡಗಿದನು. 1648ರ ಸೆಪ್ಟೆಂಬರ್ 19ರಂದು, ಅವನ ಕೋರಿಕೆಯಂತೆ ಭಾವಮೈದುನ ಪೆರಿಯೇ ಪಾದರಸದ ನಳಿಕೆಯನ್ನು ಹೊತ್ತು ಪ್ಯುಯ್ ದ ಡೋಮ್ ಬೆಟ್ಟವನ್ನೇರಿದನು. ಬೆಟ್ಟದ ತಲೆಯಲ್ಲಿ ಪಾದರಸ ಮೂರು ಅಂಗುಲಕ್ಕೂ ಮಿಕ್ಕು ಇಳಿದಿತ್ತು. ಗಾಳಿಗೆ ಭಾರವುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಇದರ ಬೆನ್ನಲ್ಲಿ ಪಾಸ್ಕಲ್ ದ್ರವಗಳ ಸಮತೋಲವನ್ನೂ ವಾಯುರಾಶಿಯ ಭಾರವನ್ನೂ ಕುರಿತು ಎರಡು ಪ್ರಬಂಧಗಳನ್ನು ಬರೆದನು. ರೋಗಪೀಡಿತನಾಗಿ 1662ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು. ಪ್ರಬಂಧಗಳು ಅಚ್ಚಾದದ್ದು ಮರುವರ್ಷ.

ನನ್ನ ಕರಿಹಲಗೆಯ ಚಿತ್ರ ಆ ಪುಸ್ತಕದ್ದೇ. ಒಬ್ಬನು ನೂರು ಜನಕ್ಕೆ ಸಮನೆಂದೂ, ತೊಂಬತ್ತೊಂಬತ್ತು ಜನರನ್ನು ಗೆಲ್ಲುವನೆಂದೂ ಪಾಸ್ಕಲನೇ ಹೇಳುತ್ತಾನೆ. ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಬಲ ಹೆಚ್ಚಿದಷ್ಟೇ ಮಡಿ ದಾರಿಯೂ ಹೆಚ್ಚುತ್ತದೆಯೆಂದು ಮರುಕ್ಷಣದಲ್ಲಿಯೇ ತೋರಿಸಿಕೊಡುತ್ತಾನೆ. ಸನ್ನೆಗೋಲಿನಲ್ಲಿ ಯಾವ ನ್ಯಾಯವೋ ನೀರಿನಲ್ಲಿಯೂ ಅದೇ ನ್ಯಾಯ. ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಉತ್ತರ ಸಿದ್ಧವಾಗಿತ್ತು. ಓದದೆ ಪಾಠ ಹೇಳಿದವನು ನಾನು.

ನಮ್ಮ ಆಡುಮಾತು ಕೂಡ ಇಲ್ಲಿ ನನ್ನನ್ನು ಸ್ವಲ್ಪ ದಾರಿತಪ್ಪಿಸಿತ್ತೆನ್ನಬೇಕು. ಒತ್ತು, ಒತ್ತಾಯ, ಒತ್ತಾಸೆ, ಒತ್ತಡ: ಒಂದೇ ಬಳ್ಳಿಯಂತೆ ತೋರುವ ಈ ಮಾತುಗಳಲ್ಲಿ ನಾವು ಬಲಕ್ಕೂ ಒತ್ತಡಕ್ಕೂ ಭೇದವೆಣಿಸುವುದಿಲ್ಲ. ವಿಜ್ಞಾನ ಎಣಿಸುತ್ತದೆ. ಬಲವನ್ನು ಅದು ಬಿದ್ದಷ್ಟು ಜಾಗಕ್ಕೆ ಹಂಚಿದರೆ ದೊರೆಯುವುದು ಒತ್ತಡ. ಅಂಗೈಯಿಂದ ಒತ್ತಿದರೆ ಸುಮ್ಮನಿರುವ ಚರ್ಮ, ಅಷ್ಟೇ ಬಲವನ್ನು ಮುಳ್ಳಿನ ಮೊನೆಗೆ ಕೊಟ್ಟರೆ ಹರಿಯುತ್ತದೆ. ಪಾಸ್ಕಲನ ಪಾತ್ರೆಯಲ್ಲಿ ಹೆಚ್ಚುವುದು ಒತ್ತಡವಲ್ಲ. ಅದು ಎಲ್ಲೆಡೆಯೂ ಒಂದೇ. ಒಂದು ಚದರ ಸೆಂಟಿಮೀಟರಿನ ಚಿಕ್ಕ ಪಿಸ್ಟನ್ನಿನ ಮೇಲೆ ಒಂದು ಕಿಲೋಗ್ರಾಮಿನ ತೂಕವಿಟ್ಟರೆ, ಅದೇ ಒತ್ತಡ ನೂರು ಚದರ ಸೆಂಟಿಮೀಟರಿನ ದೊಡ್ಡದರ ಪ್ರತಿಯೊಂದು ಸೆಂಟಿಮೀಟರಿನ ಮೇಲೂ ಬೀಳುತ್ತದೆ. ಎಲ್ಲ ಕೂಡಿ ನೂರು ಕಿಲೋಗ್ರಾಮನ್ನು ತಾಳುತ್ತದೆ. ನೀರು ಯಾರಿಗೂ ಹೆಚ್ಚು ಕೊಡಲಿಲ್ಲ, ಯಾರಿಗೂ ಕಡಿಮೆ ಮಾಡಲಿಲ್ಲ. ಮೈ ಅಗಲವಾಗಿದ್ದವನು ಹೆಚ್ಚು ಪಡೆದನು, ಅಷ್ಟೆ.

ತತ್ತ್ವ ಹೀಗೆ ಸ್ವಚ್ಛವಾಗಿದ್ದರೂ ಅದು ಯಂತ್ರವಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಪಾಸ್ಕಲ್ ವರ್ಣಿಸಿದ ಪ್ರಯೋಗಗಳಲ್ಲಿ ಕೆಲವು ಮನಸ್ಸಿನಲ್ಲಿಯೇ ನಡೆದುವಾಗಿರಬೇಕೆಂದು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1666ರಲ್ಲಿಯೇ ಸಂಶಯ ತೋರಿದ್ದನು. ನೀರು ಜಿನುಗದಷ್ಟು ಕರಾರುವಾಕ್ಕಾಗಿ ಪಿಸ್ಟನ್ನನ್ನು ಕಡೆಯುವುದು ಹೇಗೆಂಬುದು ಅವನ ಆಕ್ಷೇಪಗಳಲ್ಲೊಂದು. ಆ ಆಕ್ಷೇಪ ಹುರುಳಿಲ್ಲದ್ದಲ್ಲ. 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಕುಶಲಕರ್ಮಿ, ಮೊದಲು ಮರಗೆಲಸ ಕಲಿತು ಬೀಗ ತಯಾರಿಕೆಯಲ್ಲಿ ಹೆಸರಾದವನು, ಜಲಯಂತ್ರದ ಒತ್ತುಗೆ ಹಕ್ಕುಪತ್ರ ಪಡೆದಾಗ ಅವನನ್ನು ಕಾಡಿದ್ದೂ ಇದೇ ತೊಡಕು. ಪಿಸ್ಟನ್ನಿನ ಸುತ್ತ ಬಿಗಿಯಾಗಿ ತುರುಕಿದರೆ ಅದು ಕಚ್ಚಿಕೊಂಡು ಹಿಂದಿರುಗುವುದಿಲ್ಲ. ಸಡಿಲ ಬಿಟ್ಟರೆ ನೀರು ಚಿಮ್ಮಿ ಒತ್ತಡ ಬಿದ್ದುಹೋಗುತ್ತದೆ.

ಪರಿಹಾರ ದೊರೆತದ್ದು ಒಂದು ತೊಗಲಿನ ಬಳೆಯಲ್ಲಿ. ಅದರ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಬ್ರಾಮಾನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆನ್ರಿ ಮಾಡ್ಸ್‌ಲೆ ಎಂಬ ತರುಣನಿಗೆ. ಬಟ್ಟಲಿನಂತೆ ಬಾಗಿಸಿದ ತೊಗಲಿನ ತೆರೆದ ಅಂಚನ್ನು ನೀರಿನ ಕಡೆಗೆ ತಿರುಗಿಸಿಟ್ಟರೆ, ಒಳಗೆ ಒತ್ತಡ ಏರಿದಂತೆಲ್ಲ ಅದೇ ಒತ್ತಡ ಅಂಚನ್ನು ಅರಳಿಸಿ ಪಿಸ್ಟನ್ನಿಗೆ ಅಪ್ಪಿಸುತ್ತದೆ. ಒತ್ತಡ ಇಳಿದೊಡನೆ ತೊಗಲು ತಾನೇ ಸಡಿಲುತ್ತದೆ. ಸೋರಿಸಬೇಕೆಂದು ಹೊರಟ ನೀರೇ ಬಾಗಿಲು ಹಾಕಿಕೊಂಡಂತಾಯಿತು. ಎಲ್ಲ ಕಡೆಗೂ ಹರಡುವ ಒತ್ತಡ ತೊಗಲಿನ ಕಡೆಗೂ ಹರಡಲೇಬೇಕಲ್ಲವೆ? ನಿಯಮವನ್ನು ಕಂಡವನು ಪಾಸ್ಕಲ್. ಆ ನಿಯಮವನ್ನೇ ಕಾವಲಿಗೆ ನಿಲ್ಲಿಸಿದ್ದು ಈ ಕೆಲಸಗಾರರ ಬುದ್ಧಿ. ವಾರಕ್ಕೆ ಮೂವತ್ತು ಷಿಲಿಂಗಿಗಿಂತ ಹೆಚ್ಚಿನ ಸಂಬಳ ಕೇಳಿ, ಅದು ದೊರೆಯದೆ, ಮಾಡ್ಸ್‌ಲೆ 1797ರಲ್ಲಿ ಆ ಕಾರ್ಖಾನೆಯನ್ನು ಬಿಟ್ಟನು.

ಇಂಥ ಜಲಯಂತ್ರಗಳೇ ಮುಂದೆ ವೇಲ್ಸಿನ ಮೆನೈ ಜಲಸಂಧಿಯ ಮೇಲೆ ಬ್ರಿಟಾನಿಯಾ ಸೇತುವೆಯ ಕಬ್ಬಿಣದ ಬೃಹತ್ ಕೊಳವೆಗಳನ್ನು ಎತ್ತಿದುವು. ಒಂದೊಂದರ ತೂಕ ಸುಮಾರು ಸಾವಿರದೈನೂರು ಟನ್ನು. ಅದರೊಳಗೆ ರೈಲುಗಾಡಿಯೇ ಸಾಗಬೇಕು. 1849ರ ಆಗಸ್ಟ್ ತಿಂಗಳಲ್ಲಿ ಹಾಗೆ ಎತ್ತುತ್ತಿದ್ದಾಗ ಯಂತ್ರದ ಎರಕದ ಉರುಳೆ ಒಡೆಯಿತು. ಆದರೂ ಕೊಳವೆ ಸಮುದ್ರಕ್ಕೆ ಬೀಳಲಿಲ್ಲ. ಕೆಲವೇ ಅಂಗುಲ ಕುಸಿದು ನಿಂತಿತು. ಮೇಲೇರಿದಷ್ಟಷ್ಟೂ ಅಡಿಯಲ್ಲಿ ಒಡನೊಡನೆ ಆಧಾರ ಕಟ್ಟುತ್ತ ಬರಬೇಕೆಂದು ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ ಹಟ ಹಿಡಿದಿದ್ದನು. ಆ ಹಟ ಉಳಿಸಿತು. ಒತ್ತಡ ಪಾತ್ರೆಯ ಗೋಡೆಯನ್ನೂ ಬಿಡುವುದಿಲ್ಲ. ಭಾರವನ್ನು ಎತ್ತುವಷ್ಟೇ ನಿಷ್ಠೆಯಿಂದ ಅದು ಬಿರುಕನ್ನೂ ಹುಡುಕುತ್ತದೆ.

ಇವೆಲ್ಲ ನನಗೆ ಪುಸ್ತಕದ ಮಾತುಗಳಾಗಿಯೇ ಉಳಿದಿರುತ್ತಿದ್ದುವು, ಕಳೆದ ವರ್ಷ ಮಾಗಿಯಲ್ಲಿ ಸ್ನೇಹಿತರೊಬ್ಬರ ಹಳೆಯ ಜೀಪಿನಲ್ಲಿ ಆಗುಂಬೆಯ ಘಟ್ಟವನ್ನು ಇಳಿಯದಿದ್ದರೆ. ತಿರುವಿನ ಮೇಲೆ ತಿರುವು. ಸ್ನೇಹಿತರು ಬ್ರೇಕನ್ನು ಮೆಟ್ಟುತ್ತಲೇ ಇಳಿಯುತ್ತಿದ್ದರು. ಅರ್ಧ ದಾರಿ ಕಳೆದಿರಬಹುದು. ಅವರ ಮುಖ ಇದ್ದಕ್ಕಿದ್ದಂತೆ ಬಿಳಚಿತು. “ಪೆಡಲ್ ಒಳಗೆ ಹೋಗ್ತಾ ಇದೆ. ಹತ್ತಿ ಮೂಟೆ ಮೆಟ್ಟಿದ ಹಾಗೆ” ಎಂದರು. ಮುಂದೆ ಒಂದು ತಿರುವು; ಅದರಾಚೆ ಮರದ ತಲೆಗಳು ಮಾತ್ರ. ಗೇರನ್ನು ಇಳಿಸಿ, ಕೈಬ್ರೇಕನ್ನು ಎಳೆದು, ಗಾಡಿಯ ಒಂದು ಮಗ್ಗುಲನ್ನು ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಒರಸಿ ಅವರು ನಿಲ್ಲಿಸಿದರು. ಕೆಳಗಿಳಿದ ಮೇಲೆ ಬಹಳ ಹೊತ್ತು ಇಬ್ಬರಿಗೂ ಮಾತು ಹೊರಡಲಿಲ್ಲ.

ಗಾಲಿಗಳು ಆರಿದ ಮೇಲೆ ತೆವಳುತ್ತ ಘಟ್ಟದ ಕೆಳಗಿನ ಊರೊಂದರ ಗ್ಯಾರೇಜನ್ನು ಸೇರಿದೆವು. ಅಲ್ಲಿನ ಮೇಸ್ತ್ರಿ ವೃದ್ಧರು. ಪೆಡಲನ್ನು ಒಂದು ಸಲ ಕೈಯಿಂದ ಒತ್ತಿ ನೋಡಿ, “ಒಳಗೆ ಗಾಳಿ ಉಂಟು” ಎಂದರು. ಬ್ರೇಕ್ ಆಯಿಲ್ ವರ್ಷಗಟ್ಟಲೆ ಬದಲಾಗದೆ ವಾತಾವರಣದ ನೀರನ್ನು ಹೀರಿಕೊಂಡಿತ್ತಂತೆ. ಉದ್ದನೆಯ ಇಳಿಜಾರಿನಲ್ಲಿ ಗಾಲಿಯ ಬಿಸಿಗೆ ಕುದಿದು ಆವಿಯ ಗುಳ್ಳೆ ಕಟ್ಟಿತ್ತಂತೆ. ಹಿಂದಿರುಗಿದ ಮೇಲೆ ಪುಸ್ತಕದಲ್ಲಿ ನೋಡಿದೆ: ಹೊಸದರಲ್ಲಿ 205 ಡಿಗ್ರಿ ಸೆಲ್ಷಿಯಸ್ ತನಕ ಕುದಿಯಬಾರದ ಸಾಮಾನ್ಯ ದರ್ಜೆಯ ಬ್ರೇಕ್ ಆಯಿಲ್, ನೂರಕ್ಕೆ ನಾಲ್ಕರಷ್ಟೂ ಇಲ್ಲದ ನೀರು ಸೇರಿದರೆ 140 ಡಿಗ್ರಿಗೇ ಕುದಿಯಬಹುದು.

ಹುಡುಗನೊಬ್ಬ ಪೆಡಲನ್ನು ಒತ್ತಿ ಹಿಡಿದ. ಮೇಸ್ತ್ರಿ ಗಾಲಿಯ ಬಳಿ ಕುಳಿತು ಸಣ್ಣ ತಿರುಪನ್ನು ಸಡಿಲಿಸಿದರು. ಕಪ್ಪಾದ ಎಣ್ಣೆ ಗುಳ್ಳೆಗುಳ್ಳೆಯಾಗಿ ಹೊರಬಂತು. ಹೊಸ ಎಣ್ಣೆ ಸುರಿದು, ನಾಲ್ಕು ಗಾಲಿಗಳಿಗೂ ಇದೇ ಉಪಚಾರ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, “ಇಷ್ಟು ಸಣ್ಣ ಗುಳ್ಳೆ ಅಷ್ಟು ದೊಡ್ಡ ಗಾಡಿಯನ್ನು ಕೆಡಿಸಿತೇ?” ಎಂದು ಕೇಳಿದೆ.

“ಎಣ್ಣೆ ಹೇಳಿದ್ದು ಕೇಳ್ತದೆ ಮಾಸ್ಟ್ರೇ, ಗಾಳಿ ಕೇಳುವುದಿಲ್ಲ” ಎಂದರು ಅವರು. “ಕಾಲಿನಲ್ಲಿ ಒತ್ತಿದ್ದನ್ನು ಎಣ್ಣೆ ಗಾಲಿಗೆ ಮುಟ್ಟಿಸ್ತದೆ. ಗಾಳಿ ನಡುವಿನಲ್ಲಿ ಕೂತು ತಾನೇ ಕುಗ್ಗಿ ಬಿಡ್ತದೆ.”

ಆಗ ನನಗೆ ಪಾಸ್ಕಲನ ಪುಸ್ತಕದ ಇನ್ನೊಂದು ಪಾತ್ರೆ ನೆನಪಾಯಿತು. ಗಾಜಿನ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು. ಅದರೊಳಗೆ ಗಾಳಿ ಪೂರ್ತಿ ತುಂಬದ ಒಂದು ಚೀಲ, ಮೆತ್ತನೆಯ ಹಿಟ್ಟಿನ ಒಂದು ಉಂಡೆ, ಜೀವಂತ ನೊಣವೊಂದು. ಮೇಲಿನಿಂದ ಪಿಸ್ಟನ್ನನ್ನು ಒತ್ತಿದರೆ ಗಾಳಿಯ ಚೀಲ ಕುಗ್ಗುತ್ತದೆ. ಮೆತ್ತಗಿರುವ ಉಂಡೆ ಮಾತ್ರ ಆಕಾರ ಕೆಡದೆ ಉಳಿಯುತ್ತದೆ. ನೊಣ ಏನೂ ಆಗದಂತೆ ಗಾಜಿನ ಮೇಲೆ ಹರಿದಾಡುತ್ತದೆ. ಎಲ್ಲ ಕಡೆಯಿಂದಲೂ ಸಮನಾಗಿ ಬಿದ್ದ ಒತ್ತಡ ತಾನು ಕುಗ್ಗದ ವಸ್ತುವನ್ನು ವಿಕಾರಗೊಳಿಸುವುದಿಲ್ಲ. ಗಾಳಿ ಕುಗ್ಗುವಂಥದು, ಆದ್ದರಿಂದ ಕುಗ್ಗಿತು. ನಮ್ಮ ಜೀಪಿನಲ್ಲಿಯೂ ನಿಯಮ ಕೆಟ್ಟಿರಲಿಲ್ಲ. ಸ್ನೇಹಿತರ ಪಾದ ಸಾಗಿದ ದೂರವೆಲ್ಲ ಗುಳ್ಳೆಯನ್ನು ಅಮುಕುವುದಕ್ಕೇ ಖರ್ಚಾಗಿ, ಗಾಲಿಯನ್ನು ಹಿಡಿಯುವಷ್ಟು ಒತ್ತಡ ಕಟ್ಟುವ ಮೊದಲೇ ಪೆಡಲ್ ನೆಲ ಮುಟ್ಟಿತ್ತು. ‘ಎಷ್ಟು ದೂರ ತಳ್ಳಬೇಕು?’ ಎಂದು ಅಂದು ತರಗತಿಯಲ್ಲಿ ಎದ್ದ ಪ್ರಶ್ನೆಯ ಮೇಲೆ ಅಂದು ಎರಡು ಜೀವ ನಿಂತಿತ್ತು.

ಜಲಯಂತ್ರ ನ್ಯಾಯವನ್ನು ನಾನು ಈಗಲೂ ತರಗತಿಯಲ್ಲಿ ಹೇಳುತ್ತೇನೆ. ಆದರೆ ಮೊದಲಿನ ನೀತಿಯನ್ನು ಹೇಳುವುದಿಲ್ಲ. ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆಗೆ ಕುಗ್ಗದೆ ಮುಟ್ಟಬೇಕಾದರೆ ನಡುವಿನ ವಸ್ತು ಟೊಳ್ಳಾಗಿರಬಾರದು, ಪಾತ್ರೆ ಬಿರುಕು ಬಿಟ್ಟಿರಬಾರದು, ಒತ್ತುವವನು ದಾರಿಯ ಉದ್ದಕ್ಕೆ ಅಂಜಬಾರದು. ಗುರುವಿನಿಂದ ಶಿಷ್ಯನಿಗೆ ವಿದ್ಯೆ ಮುಟ್ಟುವುದೂ ಹೀಗೆಯೇ ಇರಬಹುದೆಂದು ಒಮ್ಮೊಮ್ಮೆ ತೋರುತ್ತದೆ. ನಾನು ಅರ್ಧ ಓದಿ ಪಾಠ ಹೇಳಿದ ದಿನ ನಡುವೆ ಇದ್ದದ್ದು ಗಾಳಿಯೇ.

ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ 1971ರಲ್ಲಿ ಪಾಸ್ಕಲನ ಹೆಸರನ್ನೇ ಇಟ್ಟರು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಹವಾಮಾನ ಇಲಾಖೆ ಅಳೆದು ತಿಳಿಸುವುದು ಆ ಮಾನದಲ್ಲಿಯೇ. ಅದೇ ಸುದ್ದಿಯನ್ನು ನಮ್ಮ ಪತ್ರಿಕೆಗಳು ‘ವಾಯುಭಾರ ಕುಸಿತ’ವೆಂದು ಬರೆಯುತ್ತವೆ. ಪಾಸ್ಕಲ್ ತನ್ನ ಎರಡನೆಯ ಪ್ರಬಂಧಕ್ಕೆ ಕೊಟ್ಟ ಹೆಸರಿನಲ್ಲಿಯೂ ಇರುವುದು ವಾಯುವಿನ ಭಾರವೇ. ಬೆಳಗಿನ ಕಾಫಿಯ ಹೊತ್ತಿಗೆ ಆ ಮಾತು ಕಣ್ಣಿಗೆ ಬಿದ್ದಾಗಲೆಲ್ಲ, ಪಾದರಸದ ನಳಿಕೆ ಹಿಡಿದು ಬೆಟ್ಟವೇರಿದ ಪೆರಿಯೇಯೂ, ಗಾಲಿಯ ಬಳಿ ಕುಳಿತು ಗುಳ್ಳೆಗಳು ನಿಲ್ಲುವುದನ್ನೇ ಕಾಯುತ್ತಿದ್ದ ಮೇಸ್ತ್ರಿಯೂ ನನಗೆ ಒಟ್ಟಿಗೆ ನೆನಪಾಗುತ್ತಾರೆ.